ಸಹಿ ಯಾರದ್ದು? 'ಕರೆಂಟ್ ಟ್ರೀಟ್‌ಮೆಂಟ್' ಬಗ್ಗೆ ನಾವು ಕೇಳದೇ ಬಿಟ್ಟ ಪ್ರಶ್ನೆ

ಮೂರು ವರ್ಷದ ಹಿಂದೆ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಗೆಳೆಯನ ಹೆಂಡತಿ ಆಸ್ಪತ್ರೆಯಿಂದ ಫೋನ್ ಮಾಡಿದರು. "ಅಣ್ಣಾ, ಇವ್ರಿಗೆ ಕರೆಂಟ್ ಕೊಡ್ಬೇಕಂತೆ. ಬೆಳಿಗ್ಗೆ ಒಳಗೆ ಸೈನ್ ಹಾಕಿ ಅಂತಿದ್ದಾರೆ. ಹಾಕ್ಲಾ, ಬೇಡ್ವಾ? ನೀವೇ ಹೇಳಿ."

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಬೇಡಮ್ಮ, ಹಾಕ್ಬೇಡಿ. ಈ ಕಾಲದಲ್ಲೂ ಶಾಕ್ ಕೊಡ್ತಾರಾ? ಬೇರೆ ಡಾಕ್ಟ್ರನ್ನ ಕೇಳೋಣ" ಅಂದೆ.

ಬೇರೆ ಡಾಕ್ಟರನ್ನು ಹುಡುಕುವುದಕ್ಕೆ ಐದು ದಿನ ಹಿಡಿಯಿತು. ಆ ಐದು ದಿನ ಅವನು ಮಾತಾಡಲಿಲ್ಲ, ತುತ್ತು ನುಂಗಲಿಲ್ಲ. ಎತ್ತಿದ ಕೈ ಎತ್ತಿದ ಹಾಗೇ ಇರುತ್ತಿತ್ತು. ಡ್ರಿಪ್ ಮೇಲೆ ಜೀವ ಹಿಡಿದುಕೊಂಡಿದ್ದ. ಎರಡನೇ ಡಾಕ್ಟರೂ ಮೊದಲನೆಯವರು ಹೇಳಿದ್ದನ್ನೇ ಹೇಳಿದರು. ಹೆಂಡತಿ ಸಹಿ ಹಾಕಿದರು. ಮೂರನೇ ಸಲದ ಚಿಕಿತ್ಸೆ ಮುಗಿದ ಮಧ್ಯಾಹ್ನ ಅವನು ಕೇಳಿದನಂತೆ: "ಅನ್ನ ಇದ್ಯಾ?"

ಅವನಿಗೆ ಬೈಪೋಲಾರ್ ಕಾಯಿಲೆ. ಎಂಜಿನಿಯರಿಂಗ್ ಓದುವಾಗ ನಾವಿಬ್ಬರೂ ಹಾಸ್ಟೆಲ್ಲಿನ ಒಂದೇ ರೂಮಿನಲ್ಲಿದ್ದವರು. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ. ನಾನು ಕೊಟ್ಟ ಸಲಹೆ ತಪ್ಪಾಗಿತ್ತು ಅನ್ನುವುದನ್ನು ಒಪ್ಪಿಕೊಳ್ಳುವುದು ಈ ಬರಹದ ಅರ್ಧ ಕೆಲಸ. ಇನ್ನರ್ಧ ಕೆಲಸ ಬೇರೆ ಇದೆ. ಯಾಕೆಂದರೆ ಹುಷಾರಾದ ಮೇಲೆ ಅವನಿಗೆ ಸಿಟ್ಟು ಬಂತು. ಆ ಸಿಟ್ಟು ನ್ಯಾಯವಾಗಿಯೇ ಇತ್ತು.

ಭಯ ಎಲ್ಲಿಂದ ಬಂತು?

ಇಸಿಟಿ, ಅಂದರೆ ಎಲೆಕ್ಟ್ರೋಕನ್ವಲ್ಸಿವ್ ಥೆರಪಿ ಶುರುವಾದದ್ದು 1938ರಲ್ಲಿ, ರೋಮ್ ನಗರದಲ್ಲಿ. ಉಗೊ ಚೆರ್ಲೆಟ್ಟಿ, ಲೂಚಿಯೊ ಬಿನಿ ಎಂಬ ಇಬ್ಬರು ವೈದ್ಯರು ಮೊದಲ ರೋಗಿಗೆ ಅದನ್ನು ಕೊಟ್ಟರು. ಅದಕ್ಕೂ ಮೊದಲು ಚೆರ್ಲೆಟ್ಟಿ ರೋಮಿನ ಕಸಾಯಿಖಾನೆಯಲ್ಲಿ ಹಂದಿಗಳಿಗೆ ವಿದ್ಯುತ್ ಹಾಯಿಸಿ ಪ್ರಜ್ಞೆ ತಪ್ಪಿಸುವುದನ್ನು ಹೋಗಿ ನೋಡಿದ್ದರು. ಇಂಥ ಹುಟ್ಟಿನ ಕಥೆ ಇರುವ ಚಿಕಿತ್ಸೆಗೆ ಒಳ್ಳೆಯ ಹೆಸರು ಬರುವುದು ಕಷ್ಟವೇ.

ಹೆಸರು ಕೆಟ್ಟದ್ದು ಬರೀ ಕಥೆಯಿಂದಲ್ಲ. ದಶಕಗಳ ಕಾಲ ಇದನ್ನು ಅರಿವಳಿಕೆ ಇಲ್ಲದೆ, ಎಚ್ಚರ ಇರುವವರಿಗೇ ಕೊಡುತ್ತಿದ್ದರು. ಕೈಕಾಲು ಹಿಡಿದುಕೊಳ್ಳಲು ನಾಲ್ಕು ಜನ ಬೇಕಾಗುತ್ತಿತ್ತು. ಸೆಳವಿನ ರಭಸಕ್ಕೆ ಬೆನ್ನುಮೂಳೆ ಮುರಿದ ಉದಾಹರಣೆಗಳಿವೆ. ಸ್ನಾಯುಗಳನ್ನು ಸಡಿಲಗೊಳಿಸುವ ಸಕ್ಸಿನೈಲ್‌ಕೋಲೀನ್ 1950ರ ದಶಕದಲ್ಲೇ ಬಳಕೆಗೆ ಬಂದಿತ್ತು. ಆದರೂ ನಮ್ಮ ದೇಶದ ಎಷ್ಟೋ ಕಡೆ ಈ 'ಡೈರೆಕ್ಟ್ ಇಸಿಟಿ' ಮುಂದುವರಿಯಿತು. ಅರಿವಳಿಕೆ ತಜ್ಞರು ಸಿಗುವುದಿಲ್ಲ, ಖರ್ಚು ಜಾಸ್ತಿ ಅನ್ನುವುದು ಕಾರಣ. ಬಡವರ ಮೆದುಳಿಗೆ ಅರಿವಳಿಕೆ ದುಬಾರಿ ಅನ್ನುವ ಲೆಕ್ಕಾಚಾರ ಇದು.

2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಬೆಂಕಿ ಬಿದ್ದು, ಸರಪಳಿ ಹಾಕಿ ಕಟ್ಟಿದ್ದ 28 ಮಾನಸಿಕ ಅಸ್ವಸ್ಥರು ಸತ್ತರು. ಅದೇ ವರ್ಷ 'ಸಾರ್ಥಕ್' ಸಂಸ್ಥೆ ಡೈರೆಕ್ಟ್ ಇಸಿಟಿ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟಿಗೆ ಹೋಯಿತು. ಕಾನೂನಿನಲ್ಲಿ ಸ್ಪಷ್ಟ ನಿಷೇಧ ಬರಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯವರೆಗೆ ಕಾಯಬೇಕಾಯಿತು. ಆ ಕಾಯ್ದೆ ಜಾರಿಗೆ ಬಂದದ್ದು 2018ರಲ್ಲಿ.

ಹಾಗಾಗಿ 'ಶಾಕ್' ಅಂದಕೂಡಲೇ ನಮ್ಮಂಥವರು ಬೆಚ್ಚುವುದಕ್ಕೆ ಬರೀ ಸಿನಿಮಾ ಕಾರಣವಲ್ಲ. ನಿಜವಾದ ಹಿಂಸೆಯ ನೆನಪು ಅದರ ಹಿಂದಿದೆ. ಪ್ರಭುತ್ವ, ಆಸ್ಪತ್ರೆ, ಗಂಡನ ಮನೆ ಇವೆಲ್ಲ ಸೇರಿ ಬೇಡವಾದವರನ್ನು 'ಹುಚ್ಚರು' ಮಾಡಿದ ಚರಿತ್ರೆಯೂ ಸುಳ್ಳಲ್ಲ. ನನ್ನ ತಪ್ಪು ಏನೆಂದರೆ, ಆ ಚರಿತ್ರೆಯನ್ನು ಓದಿಕೊಂಡಿದ್ದ ನಾನು ಈಗ ಆ ಕೋಣೆಯೊಳಗೆ ಏನು ನಡೆಯುತ್ತದೆ ಎಂದು ಕೇಳಿಯೇ ಇರಲಿಲ್ಲ.

ಕೋಣೆಯೊಳಗೆ ಏನು ನಡೆಯುತ್ತದೆ?

ನಾನು ಓದಿದ್ದು ಎಲೆಕ್ಟ್ರಿಕಲ್. ಆಮೇಲೆ ಮನೋವೈದ್ಯರನ್ನು ಭೇಟಿಯಾದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಎಷ್ಟು ವೋಲ್ಟ್?" ಅವರು ನಕ್ಕು, "ವೋಲ್ಟ್ ಅಲ್ಲ, ಚಾರ್ಜ್ ಕೇಳಿ" ಅಂದರು.

ರೋಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು. ರಕ್ತನಾಳದ ಮೂಲಕ ಅರಿವಳಿಕೆ ಕೊಡುತ್ತಾರೆ, ನಿದ್ದೆ ಹತ್ತುತ್ತದೆ. ನಂತರ ಸ್ನಾಯು ಸಡಿಲಗೊಳಿಸುವ ಔಷಧಿ. ಅದಕ್ಕೂ ಮೊದಲು ಒಂದು ಕಾಲಿಗೋ ಕೈಗೋ ಬಿಪಿ ಪಟ್ಟಿ ಸುತ್ತಿ ಬಿಗಿ ಮಾಡಿರುತ್ತಾರೆ. ಔಷಧಿ ಆ ಭಾಗಕ್ಕೆ ಹೋಗುವುದಿಲ್ಲ. ಮೆದುಳಿನಲ್ಲಿ ಸೆಳವು ಬಂತೋ ಇಲ್ಲವೋ ಎನ್ನುವುದು ಅಲ್ಲಿನ ಅದುರುವಿಕೆಯಿಂದ ಗೊತ್ತಾಗುತ್ತದೆ. ಜೊತೆಗೆ ಇಇಜಿಯಲ್ಲೂ ನೋಡುತ್ತಾರೆ. ನಾಲಿಗೆ ಕಚ್ಚದ ಹಾಗೆ ಬಾಯಿಗೆ ರಬ್ಬರ್ ಕೊಟ್ಟು, ಆಮ್ಲಜನಕ ಹಾಕಿ, ಕೆಲವೇ ಸೆಕೆಂಡು ವಿದ್ಯುತ್ ಹಾಯಿಸುತ್ತಾರೆ. ಸೆಳವು ಸಾಮಾನ್ಯವಾಗಿ ಅರ್ಧದಿಂದ ಒಂದು ನಿಮಿಷ. ವಾರಕ್ಕೆ ಎರಡೋ ಮೂರೋ ಸಲದಂತೆ ಒಟ್ಟು 6ರಿಂದ 12 ಸಲ.

ಹಳೆಯ ಯಂತ್ರಗಳು ಗೋಡೆಯ ಪ್ಲಗ್ಗಿನಲ್ಲಿ ಬರುವಂಥ ಸೈನ್ ಅಲೆಯನ್ನೇ ಕಳಿಸುತ್ತಿದ್ದವು. ಈಗಿನವು ಮಿಲಿಸೆಕೆಂಡಿನಷ್ಟು ಚಿಕ್ಕ ಚೌಕ ಪಲ್ಸ್‌ಗಳನ್ನು ಕಳಿಸುತ್ತವೆ. ಕರೆಂಟ್ ಸುಮಾರು 0.8 ಆಂಪಿಯರ್‌ಗೆ ಸ್ಥಿರ. ಎಂಟು ಸೆಕೆಂಡಿನ ಡೋಸ್ ಅಂದರೂ ಪಲ್ಸ್‌ಗಳ ನಡುವಿನ ಬಿಡುವು ಕಳೆದರೆ ವಿದ್ಯುತ್ ಹರಿಯುವುದು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು. ಸಾಮಾನ್ಯ ಯಂತ್ರವೊಂದರ ಗರಿಷ್ಠ ಚಾರ್ಜ್ ಸುಮಾರು ಅರ್ಧ ಕೂಲಂಬ್. ನಿಮ್ಮ ಕೈಯಲ್ಲಿರುವ ಮೊಬೈಲಿನ 5000 ಎಂಎಎಚ್ ಬ್ಯಾಟರಿಯಲ್ಲಿ 18,000 ಕೂಲಂಬ್ ಇರುತ್ತದೆ. ಹಾಗಂತ ಇದು ಆಟಿಕೆಯಲ್ಲ. 0.8 ಆಂಪಿಯರ್ ಎದೆಯ ಮೂಲಕ ಹಾಯ್ದರೆ ಜೀವ ಹೋಗಬಹುದು. ಅಪಾಯವನ್ನು ತೀರ್ಮಾನಿಸುವುದು ಬರೀ ಪ್ರಮಾಣವಲ್ಲ. ದಾರಿ ಮತ್ತು ಹೊತ್ತು ಕೂಡ.

ನಾನು ತಪ್ಪು ತಿಳಿದಿದ್ದ ಇನ್ನೊಂದು ವಿಷಯ ಇದೆ. ಚಿಕಿತ್ಸೆ ಮಾಡುವುದು ಕರೆಂಟ್ ಅಲ್ಲ, ಸೆಳವು. ಕರೆಂಟ್ ಬೆಂಕಿಕಡ್ಡಿ ಗೀರುತ್ತದೆ ಅಷ್ಟೇ, ಉರಿ ಮೆದುಳಿನದ್ದೇ. ಆ ಸೆಳವು ಮನಸ್ಸನ್ನು ಹೇಗೆ ಸರಿಪಡಿಸುತ್ತದೆ ಅನ್ನುವುದಕ್ಕೆ ವಿಜ್ಞಾನದ ಬಳಿ ಹಲವು ಊಹೆಗಳಿವೆ, ಒಂದೇ ಉತ್ತರ ಇಲ್ಲ. ಬೈಪೋಲಾರ್‌ಗೆ ಕೊಡುವ ವಾಲ್‌ಪ್ರೊಯೇಟ್‌ನಂಥ ಮಾತ್ರೆಗಳು ಮೂಲದಲ್ಲಿ ಸೆಳವು ತಡೆಯುವ ಔಷಧಿಗಳು. ಇಸಿಟಿ ಕೊಡುವುದು ಸೆಳವು ತರಿಸುವುದಕ್ಕೆ. ಎರಡೂ ಒಂದೇ ಕಾಯಿಲೆಗೆ ಕೆಲಸ ಮಾಡುತ್ತವೆ! ಹಾಗಾಗಿ ಇಸಿಟಿ ಸಮಯದಲ್ಲಿ ಇಂಥ ಮಾತ್ರೆಗಳನ್ನು ಕಡಿಮೆ ಮಾಡುವುದೋ ನಿಲ್ಲಿಸುವುದೋ ವೈದ್ಯರು ಲೆಕ್ಕ ಹಾಕಬೇಕಾಗುತ್ತದೆ.

ಕೆಲಸ ಮಾಡುತ್ತದಾ?

ಮಾಡುತ್ತದೆ. ಆದರೆ ಜಾಹೀರಾತಿನ ಥರ ಅಲ್ಲ.

ಬೈಪೋಲಾರ್‌ಗೆ ಎರಡು ತುದಿಗಳಿವೆ. ಒಂದು ಮೇನಿಯಾ: ನಿದ್ದೆಯೇ ಬೇಡ, ಮಾತು ನಿಲ್ಲುವುದಿಲ್ಲ, ಜೇಬಿನಲ್ಲಿ ಇಲ್ಲದ ದುಡ್ಡೂ ಖರ್ಚಾಗುತ್ತದೆ. ಇನ್ನೊಂದು, ಹಾಸಿಗೆಯಿಂದ ಏಳಲಾಗದ ಖಿನ್ನತೆ. ಮೇನಿಯಾಕ್ಕೆ ಇಸಿಟಿ ಕೊಟ್ಟ 50 ವರ್ಷಗಳ ಅನುಭವವನ್ನು ಒಟ್ಟುಗೂಡಿಸಿ ಅಮೆರಿಕದ ಸಂಶೋಧಕರು 1994ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿದರು. ಅದರ ಪ್ರಕಾರ ಸುಮಾರು ಶೇ. 80 ರೋಗಿಗಳು ಗುಣವಾದರು ಅಥವಾ ಗಣನೀಯವಾಗಿ ಸುಧಾರಿಸಿದರು. ಇಂದು ಮೇನಿಯಾಕ್ಕೆ ಮೊದಲು ಕೊಡುವುದು ಮಾತ್ರೆಗಳನ್ನೇ. ಅವು ಹಿಡಿಯದಿದ್ದಾಗ, ಗರ್ಭಿಣಿಗೆ ಕೆಲವು ಮಾತ್ರೆ ಕೊಡಲಾಗದಿದ್ದಾಗ, ನನ್ನ ಗೆಳೆಯನಂತೆ ಕ್ಯಾಟಟೋನಿಯಾಕ್ಕೆ ಜಾರಿ ಅನ್ನ ನೀರು ಬಿಟ್ಟಾಗ ಇಸಿಟಿಯ ಮಾತು ಬರುತ್ತದೆ.

ನಾರ್ವೆಯಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಮುಖ್ಯ. ಔಷಧಿಗೆ ಬಗ್ಗದ ಬೈಪೋಲಾರ್ ಖಿನ್ನತೆಯಿದ್ದ 73 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಇಸಿಟಿ ಪಡೆದವರಲ್ಲಿ ಶೇ. 74 ಮಂದಿಗೆ ಒಳ್ಳೆಯ ಸುಧಾರಣೆ ಕಂಡಿತು. ಔಷಧಿ ಬದಲಿಸಿ ನೋಡಿದವರಲ್ಲಿ ಅದು ಶೇ. 35 ಮಾತ್ರ. ಇಲ್ಲಿಗೆ ನಿಲ್ಲಿಸಿದರೆ ಇಸಿಟಿ ಗೆದ್ದಂತೆ. ಆದರೆ ಖಿನ್ನತೆ ಪೂರ್ತಿ ಹೋದವರ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ: ಶೇ. 35 ಮತ್ತು ಶೇ. 30. ಅಂದರೆ ಮುಳುಗುತ್ತಿರುವವರನ್ನು ದಡಕ್ಕೆ ಎಳೆಯುತ್ತದೆ. ದಡ ಹತ್ತಿ ಮನೆ ಸೇರಲು ಬೇರೆಯದ್ದೂ ಬೇಕು.

ಇಸಿಟಿ ಮುಗಿಸಿ ಸುಮ್ಮನಾದರೆ ಖಿನ್ನತೆ ಮರುಕಳಿಸುವ ಸಾಧ್ಯತೆ ದೊಡ್ಡದು. ಬೈಪೋಲಾರ್ ಅಲ್ಲದ ಖಿನ್ನತೆಯ ಮೇಲೆ ಅಮೆರಿಕದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಂತರ ನಿಜವಾದ ಔಷಧಿ ಸಿಗದವರಲ್ಲಿ ಶೇ. 84 ಮಂದಿಗೆ ಆರೇ ತಿಂಗಳಲ್ಲಿ ಕಾಯಿಲೆ ಮರಳಿತು. ಲಿಥಿಯಂ ಮತ್ತು ಖಿನ್ನತೆಯ ಮಾತ್ರೆ ಎರಡನ್ನೂ ತೆಗೆದುಕೊಂಡವರಲ್ಲಿ ಅದು ಶೇ. 39. "ಕರೆಂಟ್ ಕೊಟ್ರಲ್ಲ, ಇನ್ನೇನು ಮಾತ್ರೆ" ಎಂದು ಮನೆಯವರು ಹೇಳುವ ಮಾತು ಎಷ್ಟು ಅಪಾಯಕಾರಿ ಅನ್ನುವುದಕ್ಕೆ ಈ ಅಂಕಿ ಸಾಕು.

ಹೋದ ನೆನಪು

ಮನೆಗೆ ಬಂದು ಒಂದು ತಿಂಗಳಾದ ಮೇಲೆ ಗೆಳೆಯ ನನ್ನನ್ನು ಕರೆದ. ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ. ಮಗಳ ಮೊದಲ ಹುಟ್ಟುಹಬ್ಬ. ಅವನೇ ಕೇಕ್ ಹಿಡಿದುಕೊಂಡು ನಗುತ್ತಿದ್ದ.

"ಮಗಾ, ಇದು ನಂಗೆ ನೆನಪಿಲ್ಲ ಕಣೋ. ಇಡೀ ದಿನಾನೇ ಇಲ್ಲ. ಯಾರದ್ದೋ ಮನೆ ಫಂಕ್ಷನ್ನಿನ ಫೋಟೊ ನೋಡ್ದಂಗೆ ಆಗ್ತದೆ."

2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಸಮೀಕ್ಷೆಯೊಂದು ರೋಗಿಗಳನ್ನೇ ಕೇಳಿದ ಅಧ್ಯಯನಗಳನ್ನು ಕಲೆಹಾಕಿತು. ಕನಿಷ್ಠ ಮೂರರಲ್ಲಿ ಒಬ್ಬರು ಮರಳಿ ಬಾರದ ನೆನಪಿನ ನಷ್ಟದ ಬಗ್ಗೆ ಹೇಳಿದ್ದರು. 2010ರ ಇನ್ನೊಂದು ಸಮೀಕ್ಷೆ, ಪರೀಕ್ಷೆಗಳಲ್ಲಿ ಕಾಣುವ ಮಂಕು ಹೆಚ್ಚಾಗಿ ಮೊದಲ ಮೂರು ದಿನದ್ದು, ಎರಡು ವಾರದ ನಂತರ ಹೆಚ್ಚಿನ ಅಂಕಗಳು ಮೊದಲಿನ ಮಟ್ಟಕ್ಕೆ ಬರುತ್ತವೆ ಅಂದಿತು. ಎರಡರಲ್ಲಿ ಒಂದು ಸುಳ್ಳಾಗಬೇಕಿಲ್ಲ. ಪರೀಕ್ಷೆಗಳು ಹೆಚ್ಚಾಗಿ ಅಳೆಯುವುದು ಹತ್ತು ಹೊಸ ಪದ ಕೊಟ್ಟರೆ ನೆನಪಿಡಬಲ್ಲಿರಾ ಎಂದು. ನನ್ನ ಗೆಳೆಯ ಇಂದೂ ಹತ್ತು ಪದ ನೆನಪಿಡಬಲ್ಲ. ಅವನು ಕಳೆದುಕೊಂಡದ್ದು ಮಗಳ ಹುಟ್ಟುಹಬ್ಬ.

ಎಲೆಕ್ಟ್ರೋಡ್ ಎಲ್ಲಿಡುತ್ತಾರೆ, ಯಾವ ಅಲೆ ಬಳಸುತ್ತಾರೆ ಅನ್ನುವುದರ ಮೇಲೂ ಈ ನಷ್ಟ ನಿಂತಿದೆ. 2007ರಲ್ಲಿ ಬಂದ ಅಮೆರಿಕದ ಅಧ್ಯಯನವೊಂದರಲ್ಲಿ ಹಳೆಯ ಸೈನ್ ಅಲೆ ಮತ್ತು ತಲೆಯ ಎರಡೂ ಬದಿಯ ಎಲೆಕ್ಟ್ರೋಡ್‌ಗಳಿಂದ ಹೆಚ್ಚು ಹಾನಿ ಕಂಡಿತ್ತು. ಬಲಬದಿಗೆ ಮಾತ್ರ ಇಟ್ಟರೆ ನೆನಪಿಗೆ ಪೆಟ್ಟು ಕಡಿಮೆ. ಆದರೆ ತುರ್ತಿದ್ದಾಗ ವೈದ್ಯರು ಎರಡೂ ಬದಿಯದ್ದನ್ನು ಆರಿಸಬಹುದು. ಇದು ರೋಗಿಯ ಜೊತೆ ಕೂತು ಮಾತಾಡಿ ತೀರ್ಮಾನಿಸಬೇಕಾದ ಆಯ್ಕೆ. ಅವನ ಜೊತೆ ಯಾರೂ ಕೂತಿರಲಿಲ್ಲ.

ಒಂದೇ ಸಹಿ, ಒಂಬತ್ತು ಸಲ

ವೈದ್ಯಕೀಯ ದಾಖಲೆ ಪಡೆಯುವುದು ರೋಗಿಯ ಹಕ್ಕು ಎಂದು ಕಾಯ್ದೆಯ 25ನೇ ಸೆಕ್ಷನ್ ಹೇಳುತ್ತದೆ. ಗೆಳೆಯ ಆಸ್ಪತ್ರೆಗೆ ಅರ್ಜಿ ಹಾಕಿ ತನ್ನ ಫೈಲು ತರಿಸಿದ. ನಾವಿಬ್ಬರೂ ಕೂತು ಓದಿದೆವು. ಒಟ್ಟು ಒಂಬತ್ತು ಸಲ ಇಸಿಟಿ. ಅರಿವಳಿಕೆ, ಬಿಪಿ, ಸೆಳವಿನ ಸೆಕೆಂಡು ಎಲ್ಲವೂ ಅಚ್ಚುಕಟ್ಟಾಗಿ ದಾಖಲಾಗಿದ್ದವು. ಒಪ್ಪಿಗೆ ಪತ್ರ ಮಾತ್ರ ಒಂದೇ. ಮೊದಲ ಸಲಕ್ಕೆ ಮುಂಚೆ ಹೆಂಡತಿ ಹಾಕಿದ ಸಹಿ. ಪತ್ರ ಇದ್ದದ್ದು ಇಂಗ್ಲಿಷಿನಲ್ಲಿ.

ಆ ದಿನ ಅವನಿಗೆ ಒಪ್ಪಿಗೆ ಕೊಡುವ ಸ್ಥಿತಿ ಇರಲಿಲ್ಲ. ಹಾಗಾಗಿ ಹೆಂಡತಿ ಸಹಿ ಹಾಕಿದ್ದು ಸರಿಯೇ. ಆದರೆ ಮೂರನೇ ಸಲದ ನಂತರ ಅವನು ಅನ್ನ ಕೇಳಿದ. ನಾಲ್ಕನೆಯದರ ನಂತರ ಪೇಪರ್ ಓದಿದ. ಐದನೆಯದರಿಂದ ಒಂಬತ್ತನೆಯದರವರೆಗೆ ಅವನನ್ನೇ ಕೇಳಬಹುದಿತ್ತಲ್ಲ? ಇಂಥ ದಾಖಲಾತಿಯಲ್ಲಿ ರೋಗಿಯ ತೀರ್ಮಾನದ ಸಾಮರ್ಥ್ಯವನ್ನು ಏಳು ದಿನಕ್ಕೊಮ್ಮೆ ಮರುಪರಿಶೀಲಿಸಬೇಕು ಎಂದು 89ನೇ ಸೆಕ್ಷನ್ ಹೇಳುತ್ತದೆ. ಸಾಮರ್ಥ್ಯ ಮರಳಿದ ಕ್ಷಣದಿಂದ ತೀರ್ಮಾನ ಅವನದ್ದು. ಫೈಲಿನಲ್ಲಿ ಆ ಮರುಪರಿಶೀಲನೆಯ ಹಾಳೆ ಇರಲಿಲ್ಲ.

"ಕರೆಂಟ್ ಕೊಟ್ಟಿದ್ದಕ್ಕೆ ನಂಗೆ ಸಿಟ್ಟಿಲ್ಲ, ಇಲ್ದಿದ್ರೆ ನಾನು ಇರ್ತಾನೇ ಇರ್ಲಿಲ್ಲ" ಅಂದ ಗೆಳೆಯ. "ನಾನು ಎದ್ದು ಕೂತಿದ್ದೆ ಕಣೋ. ಆಗ್ಲೂ ಎಲ್ರೂ ನನ್ ಹೆಂಡ್ತೀನೇ ಕೇಳ್ತಿದ್ರು."

ನಮ್ಮ ಚರ್ಚೆ ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ಒಂದು ಕಡೆ ಕೆಲವು ವೈದ್ಯರು, "ಇದು ಸುರಕ್ಷಿತ, ಭಯ ಬೇಡ" ಅನ್ನುತ್ತಾರೆ. ಆ ಮಾತು ಬಹುಮಟ್ಟಿಗೆ ನಿಜ. ಲಕ್ಷ ಸಲ ಇಸಿಟಿ ಕೊಟ್ಟರೆ ಸಾವು ಸುಮಾರು ಎರಡು ಎಂದು ಹಲವು ದೇಶಗಳ ಅಂಕಿಗಳ ಸಮೀಕ್ಷೆ ಹೇಳುತ್ತದೆ. ಇನ್ನೊಂದು ಕಡೆ ನಮ್ಮ ಪ್ರಗತಿಪರ ವಲಯ, "ಇದು ಹಿಂಸೆ, ನಿಲ್ಲಿಸಿ" ಅನ್ನುತ್ತದೆ. ಇಬ್ಬರೂ ಯಂತ್ರದ ಬಗ್ಗೆ ಜಗಳ ಆಡುತ್ತಿದ್ದಾರೆ. ಮಂಚದ ಮೇಲಿರುವ ಮನುಷ್ಯನನ್ನು ಕೇಳಿದಿರಾ ಅನ್ನುವ ಪ್ರಶ್ನೆ ಇಬ್ಬರ ನಡುವೆಯೂ ಬಿದ್ದುಹೋಗಿದೆ.

ಕಾಯ್ದೆ ಈ ಪ್ರಶ್ನೆಯನ್ನು ಕೈಬಿಟ್ಟಿಲ್ಲ. 95ನೇ ಸೆಕ್ಷನ್ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಗೊಳಿಸುವ ಔಷಧಿ ಇಲ್ಲದೆ ಇಸಿಟಿ ಕೊಡುವಂತಿಲ್ಲ. 18 ತುಂಬದವರಿಗೆ, ಪೋಷಕರ ಒಪ್ಪಿಗೆ ಮತ್ತು ಪರಿಶೀಲನಾ ಮಂಡಳಿಯ ಮುಂಚಿತ ಅನುಮತಿ ಇಲ್ಲದೆ ಕೊಡುವಂತಿಲ್ಲ. 94ನೇ ಸೆಕ್ಷನ್ ಪ್ರಕಾರ ತುರ್ತು ಚಿಕಿತ್ಸೆಯ ನೆಪದಲ್ಲೂ ಕೊಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು 5ನೇ ಸೆಕ್ಷನ್: ಮುಂಗಡ ನಿರ್ದೇಶನ. ನಾನು ತೀರ್ಮಾನ ಮಾಡಲಾಗದ ಸ್ಥಿತಿಗೆ ಹೋದರೆ ನನಗೆ ಯಾವ ಚಿಕಿತ್ಸೆ ಕೊಡಬಹುದು, ಯಾವುದು ಕೊಡಬಾರದು, ನನ್ನ ಪರವಾಗಿ ಯಾರು ಮಾತಾಡಬೇಕು ಎಂದು ಹುಷಾರಾಗಿರುವಾಗಲೇ ಬರೆದಿಡುವ ಹಕ್ಕು.

ಬೈಪೋಲಾರ್‌ಗೆ ಹೇಳಿ ಮಾಡಿಸಿದ ಹಕ್ಕು ಇದು. ಈ ಕಾಯಿಲೆ ಬಂದು ಹೋಗುತ್ತದೆ. ಎರಡು ಅಲೆಗಳ ನಡುವೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮನುಷ್ಯ ನಮ್ಮ ನಿಮ್ಮ ಹಾಗೇ ಇರುತ್ತಾನೆ. ಆ ಬಿಡುವಿನಲ್ಲಿ ಅವನ ಮಾತನ್ನು ಬರೆದಿಟ್ಟುಕೊಳ್ಳಬಹುದು. ಗೆಳೆಯನಿಗೆ ಏಳು ವರ್ಷದಿಂದ ಕಾಯಿಲೆ ಇತ್ತು. ಈ ಹಕ್ಕಿನ ಬಗ್ಗೆ ಒಬ್ಬರೂ ಅವನಿಗೆ ಹೇಳಿರಲಿಲ್ಲ. ಪತ್ರಕರ್ತನಾದ ನಾನೂ ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲ.

ಯಾರಿಗೆ ಸಿಗುತ್ತದೆ, ಯಾರಿಗೆ ಇಲ್ಲ

ಇನ್ನೂ ಒಂದು ಕಹಿ ಸತ್ಯ ಇದೆ. ಒಪ್ಪಿಗೆ ಪತ್ರದವರೆಗೆ ಬಂದ ನನ್ನ ಗೆಳೆಯ ಅದೃಷ್ಟವಂತ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಬೈಪೋಲಾರ್ ಇರುವ ಸುಮಾರು ಶೇ. 70 ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಸಮೀಕ್ಷೆ 12 ರಾಜ್ಯಗಳಲ್ಲಿ ನಡೆಯಿತು. ಬೆಂಗಳೂರಿನ ಸಂಸ್ಥೆ ಮುನ್ನಡೆಸಿದ ಆ ಸಮೀಕ್ಷೆಯ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ.

ಇಸಿಟಿ ಸಂಶೋಧನೆಯಲ್ಲಿ ನಿಮ್ಹಾನ್ಸ್‌ಗೆ ದೊಡ್ಡ ಹೆಸರಿದೆ. ಅಲ್ಲಿ ನಿರ್ದೇಶಕರಾಗಿದ್ದ ಬಿ.ಎನ್. ಗಂಗಾಧರ್ ಈ ಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದವರು. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಗೆ ದೇಶಕ್ಕೇ ಮಾದರಿಯಾದದ್ದು ನಮ್ಮ ಬಳ್ಳಾರಿ. ಇಷ್ಟೆಲ್ಲ ಇದ್ದರೂ ಅರಿವಳಿಕೆ ತಜ್ಞರು, ಮನೋವೈದ್ಯರು, ಯಂತ್ರ ಮೂರೂ ಒಂದೇ ಬೆಳಿಗ್ಗೆ ಒಂದೇ ಕೋಣೆಯಲ್ಲಿ ಸೇರಬೇಕಾದ ಚಿಕಿತ್ಸೆ ದೊಡ್ಡ ಊರುಗಳನ್ನು ಬಿಟ್ಟರೆ ಸಿಗುವುದು ಕಷ್ಟ. ಡೈರೆಕ್ಟ್ ಇಸಿಟಿಯ ನಿಷೇಧ ಸರಿಯಾದ ಹೆಜ್ಜೆ. ಅರಿವಳಿಕೆ ತಜ್ಞರನ್ನು ನೇಮಿಸದೆ ನಿಷೇಧ ಮಾತ್ರ ಜಾರಿ ಮಾಡಿದರೆ ಬಡ ರೋಗಿಗೆ ಆಗುವುದಿಷ್ಟೇ: ಮೊದಲು ಕೆಟ್ಟ ಚಿಕಿತ್ಸೆ ಸಿಗುತ್ತಿತ್ತು, ಈಗ ಯಾವುದೂ ಸಿಗುವುದಿಲ್ಲ.

ಹೆಣ್ಣುಮಕ್ಕಳಿಗೆ ಇನ್ನೊಂದು ಲೆಕ್ಕ ಇದೆ. 'ಶರಪಂಜರ' ತೆರೆಗೆ ಬಂದದ್ದು 1971ರಲ್ಲಿ. ಗುಣವಾಗಿ ಬಂದ ಕಾವೇರಿಯನ್ನು ಮನೆ, ಊರು ಎರಡೂ ಗುಣವಾದವಳು ಎಂದು ಒಪ್ಪಲಿಲ್ಲ. ಇಂದಿಗೂ ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ವಿಚ್ಛೇದನಕ್ಕೆ ಒಂದು ಆಧಾರ. ಒಪ್ಪಿಗೆ ಪತ್ರಕ್ಕೆ ಗಂಡ ಸಹಿ ಹಾಕಿ, ಅದೇ ಫೈಲನ್ನು ನಾಳೆ ಕೋರ್ಟಿಗೆ ಒಯ್ಯಬಹುದು ಎನ್ನುವ ಭಯ ಇರುವ ಹೆಂಗಸಿಗೆ, ತನ್ನ ಪ್ರತಿನಿಧಿಯನ್ನು ತಾನೇ ಆರಿಸಿಕೊಳ್ಳುವ ಹಕ್ಕು ಎಷ್ಟು ದೊಡ್ಡದು ಯೋಚಿಸಿ. ಅದು ಗಂಡನೇ ಆಗಬೇಕಿಲ್ಲ. ತಂಗಿ, ಗೆಳತಿ, ಸಹೋದ್ಯೋಗಿ ಯಾರೂ ಆಗಬಹುದು.

ಹಾಗಾದರೆ ಏನು ಕೇಳಬೇಕು? ದೊಡ್ಡ ಬೇಡಿಕೆಗಳೇನಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ನೆನಪು ಹೋಗಬಹುದು ಎಂಬ ಮಾತು ಅದರಲ್ಲಿ ದಪ್ಪ ಅಕ್ಷರದಲ್ಲಿರಲಿ. ರೋಗಿ ಎದ್ದು ಕೂತ ದಿನ ಅವರನ್ನೇ ಮತ್ತೆ ಕೇಳಿ, ಹೊಸ ಸಹಿ ಪಡೆಯಲಿ. ಪ್ರತಿ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದ ಗೋಡೆಯ ಮೇಲೆ ಮುಂಗಡ ನಿರ್ದೇಶನ ಬರೆಯುವುದು ಹೇಗೆ ಎಂಬ ಫಲಕ ಇರಲಿ. ನಿಮ್ಮ ಜಿಲ್ಲೆಗೆ ಪರಿಶೀಲನಾ ಮಂಡಳಿ ಯಾವುದು, ಅದು ಎಷ್ಟು ಸಲ ಸೇರಿದೆ ಎಂದು ಒಂದು ಆರ್‌ಟಿಐ ಅರ್ಜಿ ಹಾಕಿ. ಹತ್ತು ರೂಪಾಯಿಯ ಕೆಲಸ.

ಕಳೆದ ವರ್ಷ ಗೆಳೆಯ ತನ್ನ ನಿರ್ದೇಶನ ಬರೆದ. ಸಾದಾ ಕಾಗದ, ಇಬ್ಬರು ಸಾಕ್ಷಿಗಳು. ಒಬ್ಬ ಸಾಕ್ಷಿ ನಾನೇ. ಅವನು ಇಸಿಟಿ ಬೇಡ ಎಂದು ಬರೆದಿರಬಹುದು ಅಂದುಕೊಂಡಿದ್ದೆ. ಬರೆದದ್ದು ಹೀಗಿತ್ತು: ಊಟ ನೀರು ಬಿಟ್ಟು ಎರಡು ದಿನವಾದರೆ ಇಸಿಟಿ ಕೊಡಿ, ತಡ ಮಾಡಬೇಡಿ. ಸಾಧ್ಯವಾದರೆ ಬಲಬದಿಗೆ ಮಾತ್ರ. ನಾನು ಮಾತಾಡಲು ಶುರು ಮಾಡಿದ ಮೇಲೆ ನನ್ನನ್ನೇ ಕೇಳಿ. ಶುರು ಮಾಡುವ ಮುಂಚೆ ಮಗಳ ಫೋಟೊಗಳನ್ನೆಲ್ಲ ತಾರೀಕು ಬರೆದು ಒಂದು ಆಲ್ಬಂನಲ್ಲಿ ಇಡಿ.

'ತಡ ಮಾಡಬೇಡಿ' ಅನ್ನುವಲ್ಲಿ ಅವನು ತಲೆಯೆತ್ತಿ ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಸಾಕ್ಷಿ ಅಂತಿದ್ದ ಜಾಗದಲ್ಲಿ ಸಹಿ ಹಾಕಿದೆ.

(ನಿಮಗೋ ನಿಮ್ಮವರಿಗೋ ಮನಸ್ಸಿನ ಸಂಕಟ ಇದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.)